ಹುಟ್ಟಿದಾಗಿನ ಅಳತೆ

ಐವತ್ತು ಅರವತ್ತು ವರ್ಷ ಹಳೆಯ ಕಾರಿನ ಬಾಗಿಲ ಹಿಡಿಯೊಂದನ್ನು ಬಿಡಿಯಾಗಿ ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಬಾಗಿಲಿಗೆ ಅಂಟಿಕೊಂಡಿರುವಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಗೈಗೆ ಬಂದಾಗ ಮೊದಲು ತೂಕ ತಿಳಿಯುತ್ತದೆ. ಆಮೇಲೆ ಬೆರಳು ಕೂರುವ ಒಳಬದಿಯ ಓರೆ, ತುದಿಗೆ ಹೋಗುತ್ತ ಸಪೂರವಾಗುವ ಬಗೆ, ಬೆಳಕಿಗೆ ಹಿಡಿದರೆ ಈ ಕೊನೆಯಿಂದ ಆ ಕೊನೆಗೆ ಎಲ್ಲೂ ತುಂಡಾಗದೆ ಸಾಗುವ ಹೊಳಪಿನ ಗೆರೆ. ತಿರುಗಿಸಿ ಬೆನ್ನು ನೋಡಿ. ಅಲ್ಲಿ ಹೊಳಪಿಲ್ಲ, ಸ್ಕ್ರೂ ಕೂರುವ ಎರಡು ಗುಬುಟುಗಳಿವೆ, ಅಚ್ಚಿನ ಎರಡು ಹೋಳು ಕೂಡಿದಲ್ಲಿ ಕೂದಲೆಳೆಯಂಥ ಏಣು ಇದೆ. ವಸ್ತು ಹುಟ್ಟಿದ ಬಗೆಯನ್ನು ಹೇಳುವುದು ಈ ಬೆನ್ನೇ.

ಇಂಥ ಹಿಡಿಗಳನ್ನು ಹುಡುಕಿಕೊಂಡು ಹೋಗುವವರು ಬೆಂಗಳೂರಿನಲ್ಲಿ ಕೊನೆಗೆ ಬಂದು ಮುಟ್ಟುವುದು ಶಿವಾಜಿನಗರದ ಗುಜರಿಗೆ. ಅಲ್ಲಿನ ರಸೆಲ್ ಮಾರುಕಟ್ಟೆ 1927ರ ಕಟ್ಟಡ. ಅಂದಿನ ದಂಡಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರು ಅದಕ್ಕೆ. ಒಳಗೆ ಹಣ್ಣು, ತರಕಾರಿ, ಹೂವು, ಮಾಂಸ. ಹತ್ತಿರದಲ್ಲೇ ಸಂತ ಮೇರಿ ಬೆಸಿಲಿಕಾದ ಗೋಪುರ. ಮಾರುಕಟ್ಟೆಯನ್ನು ಬಳಸಿಕೊಂಡು ಬೀದಿಗಳೊಳಗೆ ನಡೆದರೆ ಮಾವು ಸೀಬೆಯ ವಾಸನೆ ಹಿಂದುಳಿದು ಗ್ರೀಸು, ವೆಲ್ಡಿಂಗು, ಸೀಮೆಎಣ್ಣೆಯ ವಾಸನೆ ಎದುರಾಗುತ್ತದೆ. ಗೋಡೆಯಲ್ಲಿ ಬಂಪರುಗಳು ತೂಗುತ್ತವೆ, ಹೆಡ್‌ಲೈಟಿನ ರಿಮ್ಮುಗಳು ಸರದ ಹಾಗೆ ಹಗ್ಗಕ್ಕೆ ಪೋಣಿಸಿಕೊಂಡಿವೆ, ಗೇರ್ ಬಾಕ್ಸುಗಳು ಬಾಯಿ ತೆರೆದು ಕೂತಿವೆ. ಮಾತು ದಖನಿ, ತಮಿಳು, ಕನ್ನಡ ಮೂರೂ ಬೆರೆತದ್ದು. ಹೊಚ್ಚಹೊಸ ಸಾಮಾನು ಬೇಕಾದವರು ಜೆ.ಸಿ. ರಸ್ತೆಗೆ ಹೋಗುತ್ತಾರೆ. ಕಂಪನಿಯೇ ಮರೆತ ಸಾಮಾನು ಬೇಕಾದವರು ಇಲ್ಲಿಗೆ ಬರುತ್ತಾರೆ.

ಅಂಬಾಸಡರ್ ಇಟ್ಟುಕೊಂಡವರಿಗೆ ಇನ್ನೂ ಚಿಂತೆಯಿಲ್ಲ. 1950ರ ದಶಕದಲ್ಲಿ ಶುರುವಾಗಿ 2014ರವರೆಗೆ ತಯಾರಾದ ಕಾರು ಅದು. ಸಾಮಾನು ಎಲ್ಲೆಲ್ಲೂ ಇದೆ. ಪದ್ಮಿನಿಗೂ ಹುಡುಕಿದರೆ ಸಿಗುತ್ತದೆ. ಕಷ್ಟ ಶುರುವಾಗುವುದು ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್, ಆಸ್ಟಿನ್, ಹಿಲ್ಮನ್, ಎರಡನೆಯ ಮಹಾಯುದ್ಧಕ್ಕೂ ಮುಂಚಿನ ಫೋರ್ಡುಗಳಿಗೆ. ಗುಜರಿಯಲ್ಲೂ ಸಿಗಲಿಲ್ಲ ಎಂದಾದಾಗ ಉಳಿಯುವ ದಾರಿ ಒಂದೇ, ಮಾಡಿಸುವುದು. ನಾನು ಬರೆಯಹೊರಟಿರುವುದು ಈ ಮಾಡಿಸುವ ಕೆಲಸದ ಚೆಲುವಿನ ಬಗ್ಗೆ.

ಆ ಬೀದಿಗಳ ಲೇತಿನ ಅಂಗಡಿಯೊಂದರಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರು ಒಂದು ಕಿಂಗ್ ಪಿನ್ ಅಳೆಯುವುದನ್ನು ನೋಡುತ್ತ ನಿಂತಿದ್ದೆ. ಮುಂಚಕ್ರ ಎಡಬಲಕ್ಕೆ ತಿರುಗುವುದು ಆ ಪಿನ್ನಿನ ಮೇಲೆ. ವರ್ನಿಯರನ್ನು ಒಂದು ಕಡೆ ಇಟ್ಟರು, ಇನ್ನೊಂದು ಕಡೆ ಇಟ್ಟರು, ಪಿನ್ನನ್ನು ತಿರುಗಿಸಿ ಮತ್ತೆ ಇಟ್ಟರು. "ಎಷ್ಟು ಭಾಯ್?" ಅಂದೆ. "ಇದು ಸವೆದಿರೋ ಅಳತೆ ಸಾರ್. ಹುಟ್ಟಿದಾಗಿನ ಅಳತೆ ಬೇರೆ ಇರತ್ತೆ. ಅದನ್ನ ಹುಡುಕಬೇಕು" ಅಂದರು. ಆಮೇಲೆ ಪಿನ್ನಿನ ನಡುಭಾಗ ತೋರಿಸಿದರು. ಅಷ್ಟು ಜಾಗ ಆಕ್ಸಲಿನೊಳಗೆ ಬಿಗಿಯಾಗಿ ಕೂತಿರುತ್ತದೆ, ಅಲ್ಲಿ ಏನೂ ಉಜ್ಜುವುದಿಲ್ಲ. ಎರಡೂ ತುದಿ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೂ ನಡುವೆ ಬೆರಳಗಲದ ಒಂದು ಪಟ್ಟಿ ಕಾರ್ಖಾನೆಯಿಂದ ಬಂದ ದಿನದ ಹಾಗೇ ಇತ್ತು. ಅವರು ಅಳತೆ ತೆಗೆದುಕೊಂಡಿದ್ದು ಆ ಪಟ್ಟಿಯಿಂದ.

ಈ ಕಸುಬಿನ ಹೃದಯ ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಕೈಗೆ ಸಿಗುವ ಮಾದರಿ ಯಾವಾಗಲೂ ಸವೆದದ್ದು, ಸೊಟ್ಟಗಾದದ್ದು, ಹಿಂದೆ ಯಾರೋ ಅರಗಳಿಂದ ಉಜ್ಜಿ ಕೆಡಿಸಿದ್ದು. ಅದನ್ನು ಹಾಗೇ ನಕಲು ಮಾಡಿದರೆ ಸವೆತವನ್ನೇ ಎರಕ ಹೊಯ್ದಂತೆ. ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ನಾಲ್ಕಾರು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಎಲ್ಲಿ ಲಿಪಿಕಾರ ತಪ್ಪಿದ, ಎಲ್ಲಿ ಹುಳು ತಿಂದಿದೆ ಎಂದು ತೂಗಿ ನೋಡಿ ಕವಿ ಬರೆದ ಪಾಠವನ್ನು ಹಿಡಿಯುತ್ತಿದ್ದರಲ್ಲ, ಒಳ್ಳೆಯ ಮಿಸ್ತ್ರಿ ಮಾಡುವುದೂ ಅದೇ ಕೆಲಸ. ಒಂದೇ ಜಾತಿಯ ಮೂರು ಒಡಕು ಸಾಮಾನು ಎದುರಿಗಿಟ್ಟುಕೊಳ್ಳುತ್ತಾರೆ. ಒಂದರಲ್ಲಿ ತುದಿ ಚೆನ್ನಾಗಿದೆ, ಇನ್ನೊಂದರಲ್ಲಿ ತೂತಿನ ಜಾಗ, ಮೂರನೆಯದರಲ್ಲಿ ಬೆನ್ನು. ಮೂರನ್ನೂ ಕೂಡಿಸಿ ಓದಿ, ಹೀಗಿದ್ದಿರಬೇಕು ಎಂದು ತೀರ್ಮಾನಿಸುತ್ತಾರೆ. ಈಗ ಬಂದಿರುವ ಸ್ಕ್ಯಾನರುಗಳು ನೀಲಿ ಬೆಳಕು ಚೆಲ್ಲಿ ಲಕ್ಷಾಂತರ ಬಿಂದುಗಳನ್ನು ನಿಮಿಷಗಳಲ್ಲಿ ಎತ್ತಿಕೊಳ್ಳುತ್ತವೆ, ಕೂದಲಿಗಿಂತ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತವೆ. ಆದರೆ ಅವು ಎತ್ತಿಕೊಳ್ಳುವುದು ಇರುವುದನ್ನು. ಇದ್ದಿದ್ದನ್ನು ಊಹಿಸುವವರು ಕಂಪ್ಯೂಟರಿನ ಮುಂದೆ ಕೂತ ಮನುಷ್ಯರು, ಅವರ ಪಕ್ಕದಲ್ಲಿ ನಿಂತ ಮಿಸ್ತ್ರಿ.

ಮತ್ತೆ ಆ ಹಿಡಿಗೆ ಬರೋಣ. ಅದು ಮಜಾಕ್ ಎಂದು ಕರೆಯುವ ಸತುವಿನ ಮಿಶ್ರಲೋಹದ್ದು. ಕಾರ್ಖಾನೆಯವರಿಗೆ ಪ್ರಿಯವಾದ ಲೋಹ; ಕಡಿಮೆ ಶಾಖಕ್ಕೆ ಕರಗುತ್ತದೆ, ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿದರೆ ಕ್ಷಣದಲ್ಲಿ ಹಿಡಿ ತಯಾರು. ವಯಸ್ಸಾದ ಮೇಲೆ ಅದರ ಕಷ್ಟ ಬೇರೆ. ಕ್ರೋಮಿನ ಪದರ ತೂತು ಬಿದ್ದಲ್ಲಿ ಒಳಗಿನ ಸತು ಉಬ್ಬಿಕೊಂಡು ಗುಳ್ಳೆ ಏಳುತ್ತದೆ, ಕೆರೆದರೆ ಹಳ್ಳ ಬೀಳುತ್ತದೆ. ಲೋಹದಲ್ಲಿ ಸೀಸದಂಥ ಕಲ್ಮಷ ಬೆರೆತಿದ್ದರೆ ಇಡೀ ತುಂಡು ಒಳಗಿಂದಲೇ ಬಿರಿದು ಪುಡಿಯಾಗುತ್ತದೆ. ಒಂದೇ ಒಂದು ಹಿಡಿಗಾಗಿ ಉಕ್ಕಿನ ಅಚ್ಚು ಮಾಡಿಸಲು ಯಾರಿಗೂ ಕೈಲಾಗದು. ಹಾಗಾಗಿ ಇಲ್ಲಿಯವರು ಹಿಡಿಯುವ ದಾರಿ ಮರಳು ಮತ್ತು ಹಿತ್ತಾಳೆ.

ಹಳೆಯ ಹಿಡಿಯ ಹಳ್ಳಗಳನ್ನು ತುಂಬಿ, ಏಣುಗಳನ್ನು ಎಬ್ಬಿಸಿ ಮಾದರಿ ಮಾಡುತ್ತಾರೆ. ಮಾದರಿ ಬೇಕಾದ ವಸ್ತುವಿಗಿಂತ ದೊಡ್ಡದಿರಬೇಕು, ಏಕೆಂದರೆ ಕರಗಿದ ಹಿತ್ತಾಳೆ ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. ಇನ್ನೂರು ಮಿಲಿಮೀಟರಿನ ಹಿಡಿಗೆ 203 ಮಿಲಿಮೀಟರಿನ ಮಾದರಿ. ಅಲ್ಯುಮಿನಿಯಮ್ಮಿಗೆ, ಬೀಡುಕಬ್ಬಿಣಕ್ಕೆ ಕುಗ್ಗುವ ಲೆಕ್ಕ ಬೇರೆ ಬೇರೆ. ಹಳೆಯ ಪ್ಯಾಟರ್ನ್ ಬಡಗಿಗಳ ಬಳಿ ಒಂದೊಂದು ಲೋಹಕ್ಕೆ ಒಂದೊಂದು ಅಳತೆಪಟ್ಟಿ ಇರುತ್ತಿತ್ತು. ಹಿತ್ತಾಳೆಯ ಪಟ್ಟಿಯಲ್ಲಿ ಒಂದು ಅಂಗುಲ ಎಂದು ಗೀಚಿದ್ದು ನಿಜಕ್ಕೂ ಅಂಗುಲಕ್ಕಿಂತ ತುಸು ದೊಡ್ಡದು. ಕುಗ್ಗುವಿಕೆಯನ್ನು ಮೊದಲೇ ಕೊಟ್ಟು ಗೀಚಿದ ಪಟ್ಟಿ ಅದು. ಬಡಗಿ ಲೆಕ್ಕ ಹಾಕಬೇಕಾಗಿಯೇ ಇಲ್ಲ. ಇಷ್ಟು ಸರಳವಾದ, ಇಷ್ಟು ಬುದ್ಧಿವಂತ ಸಲಕರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಕ ಆರಿದ ಮೇಲೆ ಅರ, ಉಪ್ಪುಕಾಗದ, ಬಫಿಂಗು. ಅಲ್ಲಿಂದ ಪ್ಲೇಟಿಂಗಿನ ತೊಟ್ಟಿ. ಮೊದಲು ತಾಮ್ರ, ಮೇಲೆ ನಿಕ್ಕಲ್, ಕೊನೆಗೆ ಕ್ರೋಮು. ನಾವು ಕ್ರೋಮಿನದೆಂದು ಮೆಚ್ಚುವ ಆ ಆಳದ ಹೊಳಪು ಬಹುಪಾಲು ನಿಕ್ಕಲಿನದು. ಅಲಂಕಾರದ ಕ್ರೋಮು ಒಂದು ಮೈಕ್ರಾನಿನಷ್ಟೂ ದಪ್ಪವಿಲ್ಲದ ತೆಳು ಪೊರೆ. ನಿಕ್ಕಲು ತುಸು ಹಳದಿಗೆ ತಿರುಗುವುದನ್ನು ತಡೆದು, ಅದಕ್ಕೊಂದು ನೀಲಿ ಛಾಯೆ ಕೊಟ್ಟು ಕಾಯುವುದಷ್ಟೇ ಅದರ ಕೆಲಸ. ತಯಾರಾದ ಹಿತ್ತಾಳೆಯ ಹಿಡಿ ಮೂಲದ ಹಿಡಿಗಿಂತ ಭಾರ. ಬಾಗಿಲು ತೆರೆಯುವಾಗ ಕೈಗೆ ಅದು ಗೊತ್ತಾಗುತ್ತದೆ. ಈ ಒಂದು ವಿಷಯದಲ್ಲಿ ನಕಲು ಮೂಲವನ್ನು ಮೀರಿತು ಎಂದೇ ನನ್ನ ಮತ.

ಇನ್ನು ಥ್ರೆಡ್ಡಿನ ವಿಷಯ. ಹೊರಗಿನವರಿಗೆ ಬೋಲ್ಟು ಎಂದರೆ ಬೋಲ್ಟು. ಇಂಗ್ಲೆಂಡಿನಲ್ಲಿ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್ಕಿನದು 60. ಒಂದರ ನಟ್ಟು ಇನ್ನೊಂದಕ್ಕೆ ಎರಡು ಸುತ್ತು ಹೋದ ಹಾಗೆ ಮಾಡಿ ಕಚ್ಚಿಕೊಂಡುಬಿಡುತ್ತದೆ. ಯುದ್ಧ ಮುಗಿದ ಹೊಸದರಲ್ಲಿ ಬಂದ ಎಂ.ಜಿ. ಟಿಸಿ ಕಾರಿನ ಎಂಜಿನ್ನು ಇದರಲ್ಲೂ ಒಂದು ಹೆಜ್ಜೆ ಮುಂದೆ. ಅಪ್ಪಟ ಇಂಗ್ಲಿಷ್ ಕಾರು, ಸ್ಪ್ಯಾನರು ಹಿಡಿಯುವ ತಲೆ ವಿಟ್‌ವರ್ತ್ ಅಳತೆಯದು, ಥ್ರೆಡ್ಡು ಮಾತ್ರ ಮೆಟ್ರಿಕ್. ಫ್ರೆಂಚ್ ಕಂಪನಿ ಹಾಚ್‌ಕಿಸ್ ಮೊದಲ ಮಹಾಯುದ್ಧದಲ್ಲಿ ಬಂದೂಕು ತಯಾರಿಸಲು ಕಾವೆಂಟ್ರಿಯಲ್ಲಿ ಕಾರ್ಖಾನೆ ಹಾಕಿತ್ತು. ಮುಂದೆ ಎಂ.ಜಿ.ಗೂ ಎಂಜಿನ್ನು ಒದಗಿಸಿದ ಮಾರಿಸ್ 1923ರಲ್ಲಿ ಅದನ್ನು ಕೊಂಡರು. ಅಲ್ಲಿನ ಯಂತ್ರಗಳು ಮೆಟ್ರಿಕ್ ಥ್ರೆಡ್ಡನ್ನೇ ಕೊಯ್ಯುತ್ತಿದ್ದವು. ಯಂತ್ರ ಬದಲಿಸುವ ಖರ್ಚು ಬೇಡ, ಆದರೆ ಇಂಗ್ಲಿಷ್ ಮೆಕ್ಯಾನಿಕ್ಕುಗಳ ಬಳಿ ಇರುವ ಸ್ಪ್ಯಾನರು ಹಿಡಿಯಬೇಕು. ಹೀಗೆ ಹುಟ್ಟಿದ ಮಿಶ್ರ ಸಂತತಿಯ 8 ಮಿಲಿಮೀಟರ್ ಬೋಲ್ಟಿಗೆ ಥ್ರೆಡ್ಡಿನ ಅಂತರ ಒಂದು ಮಿಲಿಮೀಟರು, ತಲೆ ಇಂಗ್ಲಿಷಿನದು. ಇಲ್ಲಿನ ಮಾಮೂಲಿ ಅಂಗಡಿಗಳಲ್ಲಿ ಇದು ಸಿಗುವುದಿಲ್ಲ. ಒಂದೊಂದನ್ನೂ ಲೇತಿನಲ್ಲಿ ಕೊರೆಯಬೇಕು.

ಹಳೆಯ ಲೇತುಗಳ ಉದ್ದ ಸ್ಕ್ರೂ ಅಂಗುಲದ ಲೆಕ್ಕದ್ದು. ಅಂಗುಲದ ಲೇತಿನಲ್ಲಿ ಮೆಟ್ರಿಕ್ ಥ್ರೆಡ್ಡು ಕೊರೆಯಲು 127 ಹಲ್ಲಿನ ಒಂದು ಗೇರು ಬೇಕಾಗುತ್ತದೆ. ಅಂಗುಲಕ್ಕೆ 25.4 ಮಿಲಿಮೀಟರು, ಐದರಿಂದ ಗುಣಿಸಿದರೆ 127. ಅದಕ್ಕಿಂತ ಸಣ್ಣ ಗೇರಿನಲ್ಲಿ ಲೆಕ್ಕ ಕರಾರುವಾಕ್ಕಾಗಿ ಕೂಡುವುದಿಲ್ಲ. ಎರಡು ಅಳತೆಪದ್ಧತಿಗಳ ನಡುವಿನ ಇಡೀ ಜಗಳ ಆ ಒಂದು ಗೇರಿನ ಹಲ್ಲುಗಳಲ್ಲಿ ಇತ್ಯರ್ಥವಾಗಿದೆ. ಈಗಿನ ಸಿ.ಎನ್.ಸಿ. ಯಂತ್ರಕ್ಕೆ ಈ ಗೇರಿನ ಹಂಗಿಲ್ಲ, ಅಂಕಿ ಒತ್ತಿದರೆ ಮುಗಿಯಿತು. ಆದರೂ ಎಣ್ಣೆ ಮೆತ್ತಿದ ಆ ದೊಡ್ಡ ಗೇರು ಲೇತಿನ ಪಕ್ಕದ ಮೊಳೆಗೆ ತೂಗುಬಿದ್ದಿರುವುದನ್ನು ಕಂಡಾಗ ಮುಟ್ಟಿ ನೋಡಬೇಕೆನ್ನಿಸುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಕೆಲಸ ಬೇರಿಂಗಿಗೆ ವೈಟ್ ಮೆಟಲ್ ಹೊಯ್ಯುವುದು. ಯುದ್ಧಪೂರ್ವದ ಎಷ್ಟೋ ಕಾರುಗಳ ಎಂಜಿನ್ನಿನಲ್ಲಿ ಕೊಂಡು ತಂದು ಕೂರಿಸುವ ಬೇರಿಂಗು ಇರಲಿಲ್ಲ. ತವರ, ಆಂಟಿಮನಿ, ತಾಮ್ರ ಕೂಡಿದ ಮೆದು ಲೋಹವನ್ನು ಅಲ್ಲೇ ಕರಗಿಸಿ ಹೊಯ್ಯುತ್ತಿದ್ದರು. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಕಂಡುಹಿಡಿದದ್ದು ಇದು. ಅದು ಕ್ರ್ಯಾಂಕಿಗೆ ಪೆಟ್ಟಾಗಲು ಬಿಡದೆ ತಾನೇ ಸವೆಯುತ್ತದೆ. ಎಣ್ಣೆಯಲ್ಲಿ ಬಂದ ಕಸವನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಹೊಯ್ಯುವ ಮೊದಲು ಬೇರಿಂಗಿನ ಚಿಪ್ಪಿಗೆ ತವರದ ಕಲಾಯಿ ಹಾಕಬೇಕು, ಇಲ್ಲದಿದ್ದರೆ ಲೋಹ ಕಚ್ಚುವುದಿಲ್ಲ. ಮೂಸೆಯ ಶಾಖ ಸರಿಯಾಗಿದೆಯೇ ಎಂದು ನೋಡಲು ಹಳಬರು ಮರದ ಕಡ್ಡಿಯೊಂದನ್ನು ಅದ್ದುತ್ತಾರೆ. ಕಡ್ಡಿ ಕಂದು ಬಣ್ಣಕ್ಕೆ ತಿರುಗಿದರೆ ಹದ, ಹೊತ್ತಿಕೊಂಡರೆ ಅತಿಯಾಯಿತು. ಆರಿದ ಮೇಲೆ ಚಿಪ್ಪನ್ನು ದಾರದಲ್ಲಿ ತೂಗಿಸಿ ಮೆಲ್ಲಗೆ ತಟ್ಟುತ್ತಾರೆ. ಗಂಟೆಯ ನಾದ ಬಂದರೆ ಲೋಹ ಚಿಪ್ಪನ್ನು ಎಲ್ಲೆಡೆ ಕಚ್ಚಿದೆ. ಬೊದ್ದು ಸದ್ದು ಬಂದರೆ ಎಲ್ಲೋ ಬಿಟ್ಟುಕೊಂಡಿದೆ. ಕರಗಿಸಿ ಮತ್ತೆ ಹೊಯ್ಯಬೇಕು.

ಆಮೇಲಿನದು ಇನ್ನೂ ನಿಧಾನ. ಕ್ರ್ಯಾಂಕಿಗೆ ನೀಲಿ ಬಣ್ಣ ತೆಳುವಾಗಿ ಸವರಿ ಬೇರಿಂಗಿನಲ್ಲಿ ಕೂರಿಸಿ ಒಂದು ಸುತ್ತು ತಿರುಗಿಸುತ್ತಾರೆ. ತೆಗೆದು ನೋಡಿದರೆ ಎತ್ತರವಿದ್ದಲ್ಲಿ ಮಾತ್ರ ನೀಲಿ ಮೆತ್ತಿದೆ. ಅಷ್ಟನ್ನು ಸ್ಕ್ರೇಪರಿನಿಂದ ಹೆರೆದು ಮತ್ತೆ ಕೂರಿಸಿ, ಮತ್ತೆ ತಿರುಗಿಸಿ, ಮತ್ತೆ ಹೆರೆದು. ಮೊದಲು ಎರಡು ಮೂರು ದೊಡ್ಡ ಮಚ್ಚೆ, ಕೊನೆಗೆ ಮೈತುಂಬ ಒಂದೇ ಸಮನೆ ಹರಡಿದ ಸಣ್ಣ ಚುಕ್ಕೆಗಳು. ಆ ಚುಕ್ಕೆ ತುಂಬಿದ ಬೇರಿಂಗಿಗಿಂತ ಚೆಂದದ ಒಳಮೈ ಯಾವ ಯಂತ್ರದಲ್ಲೂ ಇಲ್ಲವೆಂದು ಧೈರ್ಯವಾಗಿ ಹೇಳುತ್ತೇನೆ. ಮುಚ್ಚಳ ಬಿಗಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ, ಕಾರಿನ ಯಜಮಾನ ಕೂಡ.

ಹೊಸ ವಿಧಾನಗಳನ್ನು ಹಳಬರು ದೂರವಿಟ್ಟಿದ್ದಾರೆ ಎಂದುಕೊಂಡರೆ ತಪ್ಪು. ಎರಡೂ ಈಗ ಒಂದೇ ಅಚ್ಚಿನಲ್ಲಿ ಕೂಡುತ್ತಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮೇಣದ ಎರಕದ ವಿವರಣೆ ಇದೆ. ಮೇಣದಲ್ಲಿ ವಿಗ್ರಹ ಮಾಡಿ, ಸುಟ್ಟ ಹೊಟ್ಟು, ಹತ್ತಿಯ ಚೂರು, ಉಪ್ಪು ಬೆರೆಸಿ ಅರೆದ ಮಣ್ಣನ್ನು ಮೂರು ಸಲ ಬಳಿಯಬೇಕು. ಮೊದಲ ಲೇಪ ತೀರಾ ತೆಳು, ನೆರಳಲ್ಲಿ ಒಣಗಬೇಕು, ಕೊನೆಯದು ದಪ್ಪ. ಮೇಣ ಕರಗಿ ಹರಿದುಹೋದ ಟೊಳ್ಳಿಗೆ ಲೋಹ. ಎಷ್ಟು ಲೋಹ ಬೇಕೆಂಬುದಕ್ಕೂ ಲೆಕ್ಕವಿದೆ: ಮೇಣದ ತೂಕಕ್ಕೆ ಬೆಳ್ಳಿಯಾದರೆ 12 ಪಟ್ಟು, ಚಿನ್ನವಾದರೆ 16 ಪಟ್ಟು. ಇಂದು ವಿಮಾನದ ಎಂಜಿನ್ನಿನ ಬ್ಲೇಡು ಎರೆಯುವವರೂ ಮೊದಲ ಲೇಪವನ್ನು ನಯವಾಗಿಟ್ಟು ಆಮೇಲೆ ಒರಟಿನತ್ತ ಹೋಗುತ್ತಾರೆ. ಹೊಯ್ಯುವ ಲೋಹಕ್ಕೆ ತಾಗುವುದು ಮೊದಲ ಲೇಪವೇ ತಾನೆ? ಬೆರಳಚ್ಚು ಕೂಡ ಮೂಡುವಷ್ಟು ನಯ ಬರುವುದು ಅದರಿಂದ.

ಬದಲಾಗಿರುವುದು ಮೇಣದ ಬೊಂಬೆ ಮಾಡುವ ಕೈ. ಸ್ಕ್ಯಾನು ಮಾಡಿ, ಕಂಪ್ಯೂಟರಿನಲ್ಲಿ ಸವೆತ ತುಂಬಿ, ನೂರಕ್ಕೆ ಇಷ್ಟೆಂದು ಹಿಗ್ಗಿಸಿ, ಮೇಣದಂತೆ ಸುಟ್ಟುಹೋಗುವ ವಸ್ತುವಿನಲ್ಲಿ ಮೂರು ಆಯಾಮದ ಪ್ರಿಂಟರು ಪದರ ಪದರವಾಗಿ ಬೊಂಬೆ ಕಟ್ಟುತ್ತದೆ. ಅಲ್ಲಿಂದ ಮುಂದೆ ಸೋಮೇಶ್ವರನ ದಾರಿ. ಕಾರ್ಬುರೇಟರಿನ ಒಳಗಿನ ಸೊಟ್ಟ ದಾರಿಗಳು, ನೀರಿನ ಪಂಪಿನ ಗೂಡು ಇವಕ್ಕೆ ಈ ಜೋಡಿ ವಿಧಾನಕ್ಕಿಂತ ಒಳ್ಳೆಯದಿಲ್ಲ. ಲೋಹದ ಪುಡಿಯನ್ನೇ ಲೇಸರಿನಿಂದ ಕರಗಿಸಿ ನೇರ ಸಾಮಾನು ಕಟ್ಟುವುದೂ ಬಂದಿದೆ. ಪೋರ್ಷೆ ಕಂಪನಿ ಕೇವಲ 292 ತಯಾರಾದ ತನ್ನ 959 ಕಾರಿನ ಕ್ಲಚ್ ಬಿಡಿಸುವ ಲೀವರನ್ನು ಹೀಗೆ ಮಾಡಿ, ಸುಮಾರು 3 ಟನ್ ಭಾರ ಹೇರಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿತು. ಇನ್ನೂರ ತೊಂಬತ್ತೆರಡು ಕಾರಿಗಾಗಿ ಅಚ್ಚು ಮಾಡಿಸುವುದಕ್ಕಿಂತ ಅದು ಜಾಣತನ. ಆದರೆ ಪ್ರಿಂಟಾದ ಮೈಯ ಮೇಲಿನ ಪದರಗೆರೆಗಳನ್ನು ಹಾಗೇ ಬಿಟ್ಟು ಬಣ್ಣ ಬಳಿದ ಸಾಮಾನನ್ನು ಕಂಡರೆ ನನಗೆ ಹಿಡಿಸುವುದಿಲ್ಲ. ಅಲ್ಲಿ ಕೆಲಸ ಅರ್ಧಕ್ಕೆ ನಿಂತಿದೆ.

ತಗಡಿನ ಕೆಲಸದ ಬಗ್ಗೆ ಒಂದು ಮಾತು. ಕಾರಿನ ಮಡ್‌ಗಾರ್ಡನ್ನು ಮರಳಿನ ಚೀಲ, ಮರದ ಕೊಡತಿ, ಇಕ್ಕಳದಂತೆ ಕೂಡಿದ ಎರಡು ಉಕ್ಕಿನ ಚಕ್ರ ಇಷ್ಟರಿಂದಲೇ ಎಬ್ಬಿಸುವ ಟಿಂಕರುಗಳ ವಿದ್ಯೆ ವಿಮಾನದ ತಗಡು ಬಡಿಯುವವರದೂ ಹೌದು. ಈ ಊರಿಗೆ ಎರಡೂ ಹತ್ತಿರದವು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿ ಯುರೋಪು, ಅಮೆರಿಕಗಳ ಕಾರ್ಖಾನೆ ನೋಡಿ ಬಂದಿದ್ದರು. ಬ್ರಿಟಿಷ್ ಸರ್ಕಾರ ಆಸರೆ ಕೊಡಲಿಲ್ಲ. ಅದೇ ಕನಸಿನ ಜೊತೆಗಾರ ವಾಲಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು, ಇಂದಿನ ಎಚ್‌ಎಎಲ್. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ನಮ್ಮ ಫಿಯಟ್ಟುಗಳು ಬಂದದ್ದು ಅಲ್ಲಿಂದ.

ಬೆಂಗಳೂರಿನದೇ ಕಾರು ಬೇಕೆಂದರೆ ಸಿಪಾನಿಯವರ ಡಾಲ್ಫಿನ್ ಇದೆ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ರೂಪವನ್ನು ತಂದು 1982ರಿಂದ ಇಲ್ಲಿ ತಯಾರಿಸಿದರು. ಮೈ ಪೂರ್ತಿ ಫೈಬರ್, ಎಂಜಿನ್ನು 848 ಸಿ.ಸಿ.ಯ ಅಲ್ಯುಮಿನಿಯಂ. ಅದರ ಮೈಗೆ ತುಕ್ಕಿಲ್ಲ, ಒಡೆದರೆ ಇನ್ನೊಂದು ಕಾರಿನ ಮೈಯಿಂದಲೇ ಅಚ್ಚು ತೆಗೆದು ಹೊಸ ತುಂಡು ಮಾಡಬಹುದು. ಎಂಜಿನ್ನಿನ ಸಾಮಾನಿಗೆ ಮಾತ್ರ ಕಷ್ಟವೇ. ಈ ಊರು ಹೆತ್ತ ಕಾರನ್ನು ಉಳಿಸಿಕೊಳ್ಳಲು ಮಿಕ್ಕ ಯಾವ ವಿದೇಶಿ ಕಾರಿಗೆ ಪಡುವುದಕ್ಕಿಂತಲೂ ಹೆಚ್ಚು ಶ್ರಮ ಪಡಬೇಕೆಂದು ನನ್ನ ಆಸೆ.

ಮಾಡಿಸುವವರಲ್ಲಿ ಎರಡು ಕೋರಿಕೆ. ಬ್ರೇಕು, ಸ್ಟೀರಿಂಗು, ಆಕ್ಸಲಿನ ಸಾಮಾನನ್ನು ಕಣ್ಣಳತೆಗೆ ನಂಬಿ ಮಾಡಿಸಬೇಡಿ. ಉಕ್ಕಿನ ಜಾತಿ ಕೇಳಿ, ಹದ ಹಾಕಿದ್ದನ್ನು ಪರೀಕ್ಷೆ ಮಾಡಿಸಿ, ಬಿರುಕು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಎರಡನೆಯದು, ಹೊಸದಾಗಿ ಮಾಡಿದ ಸಾಮಾನಿನ ಬೆನ್ನಿಗೆ ಇಸವಿಯನ್ನು ಒತ್ತಿಸಿ. ಮೂಲದ್ದೆಂದು ಮುಂದಿನವರು ಮೋಸ ಹೋಗಬಾರದು. ಜೊತೆಗೆ, ಮಾಡಿದವರಿಗೆ ಅದು ಸಲ್ಲಬೇಕಾದ ಗೌರವವೂ ಹೌದು.

ಕಾರು ಇಲ್ಲದ ಓದುಗರಿಗೂ ಒಂದು ಮಾತು. ಅಜ್ಜನ ಕಾಲದ ಕಾರು ಯಾವಾಗಲೋ ಮಾರಿಹೋಗಿರಬಹುದು. ಆದರೆ ಅಟ್ಟದಲ್ಲೋ ಹಿತ್ತಲ ಕೋಣೆಯ ಡಬ್ಬದಲ್ಲೋ ಒಂದು ಹಿಡಿ, ಒಂದು ಲ್ಯಾಂಪಿನ ರಿಮ್ಮು, ಒಂದು ಮೀಟರು, ಮುರಿದ ಕಾರ್ಬುರೇಟರು ಉಳಿದಿರುವುದುಂಟು. ಅದನ್ನು ತೂಕಕ್ಕೆ ಹಾಕಬೇಡಿ. ಹಳೆಯ ಕಾರು ಇಟ್ಟುಕೊಂಡ ಯಾರಿಗಾದರೂ ಕೊಡಿ, ಇಲ್ಲವೇ ಶಿವಾಜಿನಗರದ ಲೇತಿನ ಅಂಗಡಿಯೊಂದಕ್ಕೆ ತಲುಪಿಸಿ. ಮುರಿದಿದ್ದರೂ ಪರವಾಗಿಲ್ಲ, ಅವರಿಗೆ ಬೇಕಾದ ಸವೆಯದ ಜಾಗ ಅದರಲ್ಲೇ ಇರಬಹುದು.